ಅಡ್ಮಿಷನ್ ಎಷ್ಟು ಅಂತ ಹೇಳಿದಿರಿ, ಜನ ಎಷ್ಟು ಅಂತ ಹೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಒಂದು ವರ್ಷದಲ್ಲಿ ಇಷ್ಟು ಲಕ್ಷ ಜನ ಆಸ್ಪತ್ರೆ ಸೇರಿದ್ದಾರೆ, ಹಿಂದಿನ ವರ್ಷಕ್ಕಿಂತ ಜಾಸ್ತಿ, ಕಾಯಿಲೆ ಹೆಚ್ಚುತ್ತಿದೆ ಅಂತ. ಪಕ್ಕದಲ್ಲಿ ಮೇಲಕ್ಕೆ ಏರುವ ಕೆಂಪು ಗೆರೆಯ ಚಿತ್ರ ಬೇರೆ. ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನು ಇಪ್ಪತ್ತಾರು ವರ್ಷ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವಳು. ಇಂಥ ಸಂಖ್ಯೆಗಳನ್ನೇ ತಿಂಗಳು ತಿಂಗಳು ಕೂಡಿಸಿ, ಟೋಟಲ್ ಹಾಕಿ, ಸಹಿ ಮಾಡಿಸಿ ಮೇಲಕ್ಕೆ ಕಳಿಸಿದವಳು. ನಾವು ಕಳಿಸುತ್ತಿದ್ದ ಕಾಗದದಲ್ಲಿ 'ಜನ' ಅನ್ನೋ ಪದ ಎಲ್ಲೂ ಇರುತ್ತಿರಲಿಲ್ಲ. ಅಲ್ಲಿದ್ದದ್ದು 'ಅಡ್ಮಿಷನ್'. ಅಡ್ಮಿಷನ್ ಪತ್ರಿಕೆಗೆ ಬರುವ ಹೊತ್ತಿಗೆ ಜನ ಆಗಿಬಿಟ್ಟಿರುತ್ತದೆ, ದಾರಿಯಲ್ಲಿ ಯಾರು ಬದಲಾಯಿಸಿದರೋ ಗೊತ್ತಾಗಲ್ಲ.

ನಮ್ಮ ಮನೆಯದೇ ಒಂದು ಲೆಕ್ಕ ಹೇಳುತ್ತೇನೆ. ನನ್ನ ಅಣ್ಣನಿಗೆ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಿಗ್ಗೆ ಹೋಗುತ್ತಾನೆ, ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗುತ್ತಾನೆ, ಮಧ್ಯಾಹ್ನ ಮನೆಗೆ ಬರುತ್ತಾನೆ. ಅವನು ಹೋಗುವ ಕಡೆ ಪ್ರತಿ ಸಲವೂ ಹೊಸದಾಗಿ ಅಡ್ಮಿಷನ್ ಹಾಕಿ, ಅದೇ ದಿನ ಡಿಸ್ಚಾರ್ಜ್ ಬರೆಯುತ್ತಾರೆ. ವರ್ಷಕ್ಕೆ 52 ವಾರ, ಮೂರರಿಂದ ಗುಣಿಸಿ: 156. ಅಂದರೆ ನಿಮ್ಮ ಸುದ್ದಿಯ ಭಾಷೆಯಲ್ಲಿ ನಮ್ಮಣ್ಣ ಒಬ್ಬನೇ 156 ಜನ. ಮೊನ್ನೆ ಅವನಿಗೇ ಹೇಳಿದೆ, 'ಅಣ್ಣ, ನೀನು ವರ್ಷಕ್ಕೆ ನೂರೈವತ್ತಾರು ಸಲ ಆಸ್ಪತ್ರೆ ಸೇರಿದ್ದೀಯ ಅಂತೆ.' 'ಏನೇ ಹಾಗಂದ್ರೆ, ನಾನಲ್ಲಿ ಒಂದು ರಾತ್ರೀನೂ ಮಲಗಿಲ್ಲವಲ್ಲ' ಅಂದ.

ಅದೇ ಡಯಾಲಿಸಿಸ್ಸನ್ನು ಇನ್ನೊಂದು ಆಸ್ಪತ್ರೆ ಒಪಿಡಿಯಲ್ಲಿ ಬರೆದುಕೊಂಡರೆ ಅಲ್ಲಿಯ ಅಡ್ಮಿಷನ್ ಲೆಕ್ಕದಲ್ಲಿ ಅಣ್ಣ ಸೊನ್ನೆ. ಒಂದೇ ಮನುಷ್ಯ, ಒಂದೇ ಕಾಯಿಲೆ, ಒಂದೇ ಮೆಷಿನ್. ಒಂದು ಕಡೆ 156, ಇನ್ನೊಂದು ಕಡೆ 0. ಎರಡೂ ಸುಳ್ಳಲ್ಲ, ಎರಡೂ ಅವರವರ ರೂಲು. ಆಸ್ಟ್ರೇಲಿಯಾದಲ್ಲಿ ಒಂದೇ ದಿನದಲ್ಲಿ ಬಂದು ಹೋಗುವವರನ್ನೂ ಅಡ್ಮಿಷನ್ ಅಂತಲೇ ಎಣಿಸುತ್ತಾರೆ, ಹಾಗಾಗಿ ಅಲ್ಲಿ ಹಾಗೆ ದಾಖಲಾಗೋಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಡಯಾಲಿಸಿಸ್. ಆ ಪಟ್ಟಿ ನೋಡಿ 'ಅಲ್ಲಿ ಎಲ್ಲರಿಗೂ ಕಿಡ್ನಿ ಕಾಯಿಲೆ' ಅಂದುಕೊಂಡರೆ ಹೇಗೆ? ಕೆಲವೇ ಜನ, ಪಾಪ, ವರ್ಷವಿಡೀ ಓಡಾಡುತ್ತಿದ್ದಾರೆ ಅಷ್ಟೇ.

ಒಂದು ಅಡ್ಮಿಷನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನೋದು ಕೂಡ ಅಂದುಕೊಂಡಷ್ಟು ಸುಲಭ ಅಲ್ಲ. ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆಯಿತು ಅನ್ನಿ. ಹತ್ತಿರದ ಚಿಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಡ್ಮಿಟ್ ಮಾಡಿಕೊಂಡರು, ಎರಡು ಗಂಟೆ ನೋಡಿ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿದರು. ಅಲ್ಲಿ ಸ್ಟೆಂಟ್ ಹಾಕಿದರು. ನಾಲ್ಕು ದಿನ ಆದ ಮೇಲೆ ಬೆಡ್ ಖಾಲಿ ಮಾಡಿಸಿ ಚೇತರಿಸಿಕೊಳ್ಳೋಕೆ ಮತ್ತೆ ಇನ್ನೊಂದು ಕಡೆ ಕಳಿಸಿದರು. ಒಂದು ಹೃದಯ, ಒಂದು ಅಟ್ಯಾಕ್, ಮೂರು ಅಡ್ಮಿಷನ್, ಮೂರು ಡಿಸ್ಚಾರ್ಜ್. ಮೂರೂ ಕಡೆ ಕಾಯಿಲೆಯ ಜಾಗದಲ್ಲಿ ಹಾರ್ಟ್ ಅಟ್ಯಾಕ್ ಅಂತಲೇ ಬರೆದಿದ್ದರೆ, ಮೇಲೆ ಕೂಡಿಸುವವರಿಗೆ ಮೂವರ ಹಾಗೆ ಕಾಣುತ್ತದೆ. ಹಾಗಂತ ಯಾರೂ ಮೋಸ ಮಾಡಿಲ್ಲ. ಮೂರು ಆಸ್ಪತ್ರೆಯ ಮೂರು ಗುಮಾಸ್ತರೂ ತಮ್ಮ ರಿಜಿಸ್ಟರ್ ಸರಿಯಾಗಿಯೇ ಬರೆದಿದ್ದಾರೆ.

ಇಂಗ್ಲೆಂಡಿನಲ್ಲಿ ಇದು ಇನ್ನೂ ಸಣ್ಣದಾಗಿ ಕತ್ತರಿಸಿಕೊಳ್ಳುತ್ತದೆ. ಅಲ್ಲಿಯ ಆಸ್ಪತ್ರೆ ಅಂಕಿಅಂಶದಲ್ಲಿ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಇದ್ದಷ್ಟು ಕಾಲ ಒಂದು 'ಎಪಿಸೋಡ್'. ರೋಗಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರೂ ಫಿಸಿಷಿಯನ್ ಕೈಯಿಂದ ಸರ್ಜನ್ ಕೈಗೆ ಹೋದರೆ ಹಳೆಯ ಎಪಿಸೋಡ್ ಮುಗಿದು ಹೊಸದು ಶುರು. ಬಂದ ಹೊತ್ತಿನಿಂದ ಹೋಗುವ ಹೊತ್ತಿನ ತನಕ ಇಡಿಯಾಗಿ ಹಿಡಿದರೆ ಅದಕ್ಕೆ 'ಸ್ಪೆಲ್' ಅಂತ ಬೇರೆ ಹೆಸರು. ಎಪಿಸೋಡ್ ಎಣಿಸಿದರೆ ಸಂಖ್ಯೆ ದೊಡ್ಡದು, ಸ್ಪೆಲ್ ಎಣಿಸಿದರೆ ಚಿಕ್ಕದು, ಮನುಷ್ಯರನ್ನು ಎಣಿಸಿದರೆ ಇನ್ನೂ ಚಿಕ್ಕದು. ಮೂರೂ ಒಂದೇ ಇಲಾಖೆಯ ಒಂದೇ ವರ್ಷದ ಲೆಕ್ಕ. ಪತ್ರಿಕೆಯವರಿಗೆ ಯಾವುದು ಇಷ್ಟ ಆಗುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ರಾತ್ರಿ ಹನ್ನೆರಡರ ಎಣಿಕೆ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ನಾವು ಅದನ್ನ ಸೆನ್ಸಸ್ ಅಂತಿದ್ವಿ. ಎಷ್ಟೋ ದೇಶಗಳಲ್ಲಿ ಇವತ್ತಿಗೂ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ತುಂಬಿದೆ ಅನ್ನೋದು ಆ ಎಣಿಕೆಯ ಮೇಲೇ ನಿಂತಿರುತ್ತದೆ. ನೈಟ್ ಡ್ಯೂಟಿ ಸಿಸ್ಟರ್ ವಾರ್ಡಿನ ದೀಪ ಆರಿಸಿದ ಮೇಲೆ ಕೈಯಲ್ಲಿ ಹಾಳೆ ಹಿಡಿದು ಬೆಡ್ಡಿಂದ ಬೆಡ್ಡಿಗೆ ಹೋಗುತ್ತಾರೆ. ಹಾಳೆಯಲ್ಲಿ ಸಾಲುಗಳು: ನಿನ್ನೆ ಉಳಿದವರು, ಇವತ್ತು ಬಂದವರು, ಬೇರೆ ವಾರ್ಡಿನಿಂದ ಬಂದವರು, ಬೇರೆ ವಾರ್ಡಿಗೆ ಹೋದವರು, ಡಿಸ್ಚಾರ್ಜ್, ಸಾವು, ಈಗ ಇರುವವರು. ಕೂಡಿಸಿ ಕಳೆದರೆ ಕೊನೆಯ ಸಾಲು ಬೆಡ್ ಮೇಲಿರುವ ತಲೆಗಳಿಗೆ ಸರಿಹೋಗಬೇಕು. ಹೋಗಲ್ಲ. ಬೆಳಿಗ್ಗೆ ಎಂಟಕ್ಕೆ ನಾನು ಕುರ್ಚಿಯಲ್ಲಿ ಕೂರುವುದರೊಳಗೆ ಫೋನು. 'ಮೇಡಂ, ಒಬ್ಬರು ಜಾಸ್ತಿ ಇದ್ದಾರೆ.' ಹುಡುಕಿದರೆ, ಒಬ್ಬಾತ ಸಂಜೆಯೇ ಡಿಸ್ಚಾರ್ಜ್ ಆಗಿದ್ದಾನೆ, ಕಾಗದದ ಮೇಲೆ ಹೋಗಿದ್ದಾನೆ, ಆದರೆ ಕರೆದುಕೊಂಡು ಹೋಗೋಕೆ ಮನೆಯವರು ಬಂದಿಲ್ಲ ಅಂತ ಅದೇ ಬೆಡ್ಡಲ್ಲಿ ನಿದ್ದೆ ಮಾಡುತ್ತಿದ್ದಾನೆ. ಇನ್ನೊಂದು ದಿನ ಒಬ್ಬರು ಕಮ್ಮಿ. ಬೆಡ್ ಕೆಳಗೆ ಚಪ್ಪಲಿ ಇದೆ, ಆಸಾಮಿ ಇಲ್ಲ. ಬಾತ್‌ರೂಮಿಗೆ ಹೋಗಿದ್ದನಂತೆ.

ಆ ಎಣಿಕೆಯಲ್ಲಿ ನನಗೆ ಇವತ್ತಿಗೂ ನೆನಪಿರೋದು ಒಬ್ಬ ಅಜ್ಜಿ. ಬೆಳಿಗ್ಗೆ ಎಂಟರ ಹೊತ್ತಿಗೆ ಬಂದರು, ವಾರ್ಡಿಗೆ ಹಾಕಿದರು, ದಿನವಿಡೀ ಇಬ್ಬರು ಸಿಸ್ಟರು, ಒಬ್ಬ ಡಾಕ್ಟರು ಬೆಡ್ ಬಿಟ್ಟು ಕದಲಲಿಲ್ಲ, ರಾತ್ರಿ ಹತ್ತಕ್ಕೆ ತೀರಿಕೊಂಡರು. ಹನ್ನೆರಡಕ್ಕೆ ಆ ಬೆಡ್ ಖಾಲಿ. ನಮ್ಮ ಲೆಕ್ಕದಲ್ಲಿ ಆ ಅಜ್ಜಿ ಒಂದು ಅಡ್ಮಿಷನ್, ಒಂದು ಸಾವು, ಬೆಡ್ ದಿನಗಳು, ಅಂದರೆ ನಡುರಾತ್ರಿ ಎಣಿಕೆಗೆ ಬೆಡ್ಡಿನಲ್ಲಿ ಸಿಕ್ಕ ದಿನಗಳು, ಮಾತ್ರ ಸೊನ್ನೆ. ಇಡೀ ವಾರ್ಡ್ ಆವತ್ತು ಅವರೊಬ್ಬರ ಸುತ್ತ ಓಡಾಡಿತ್ತು. ಆಮೇಲೆ ಆಮೇಲೆ, ಎರಡು ನಡುರಾತ್ರಿಗಳ ಮಧ್ಯೆ ಬಂದು ಹೋದವರಿಗೆ ಒಂದು ದಿನ ಅಂತ ಬೇರೆ ಸೇರಿಸೋದು ಶುರು ಮಾಡಿದೆವು. ಶುರು ಮಾಡಿದ ತಿಂಗಳು ಬೆಡ್ ದಿನ ತಟ್ಟನೆ ಏರಿತು. ಮೇಲಿನಿಂದ ಫೋನ್ ಬಂತು, 'ಏನ್ರೀ, ಆ ಕಡೆ ಏನಾದ್ರೂ ಸಾಂಕ್ರಾಮಿಕ ಶುರುವಾಗಿದೆಯಾ?' ಅಂತ. ಏನೂ ಇಲ್ಲ ಸಾರ್, ಒಂದು ಕಾಲಂ ಜಾಸ್ತಿ ಆಗಿದೆ ಅಷ್ಟೇ ಅಂದೆ.

ಇದರಿಂದಾಗಿ ಸರಾಸರಿ ಎಷ್ಟು ದಿನ ಇದ್ದರು ಅನ್ನೋ ಲೆಕ್ಕವೂ ಆಟ ಆಡಿಸುತ್ತದೆ. ಹತ್ತು ಜನ ಬಂದರು, ಒಂಬತ್ತು ಜನ ಅವತ್ತೇ ಮನೆಗೆ ಹೋದರು, ಒಬ್ಬರು ಇಪ್ಪತ್ತು ದಿನ ಇದ್ದರು ಅನ್ನಿ. ಅವತ್ತೇ ಹೋದವರದು ಸೊನ್ನೆ ದಿನ ಅಂದರೆ ಸರಾಸರಿ 2. ಒಂದು ದಿನ ಅಂದರೆ 2.9. ಅವರನ್ನು ಅಡ್ಮಿಷನ್ನಿಗೇ ಸೇರಿಸದಿದ್ದರೆ ಸರಾಸರಿ 20. ಅದೇ ಹತ್ತು ಜನ, ನೋಡಿ! ಕಣ್ಣಿನ ಪೊರೆ ಆಪರೇಷನ್ನಿಗೆ ಒಂದು ಕಾಲದಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು, ಈಗ ಬೆಳಿಗ್ಗೆ ಹೋದವರು ಮಧ್ಯಾಹ್ನ ಮನೆಯಲ್ಲಿರುತ್ತಾರೆ. ಅವರನ್ನೆಲ್ಲ ಡೇ ಕೇರ್ ಅಂತ ಬೇರೆ ಪುಸ್ತಕಕ್ಕೆ ದಾಟಿಸಿದ ಆಸ್ಪತ್ರೆಯಲ್ಲಿ ಅಡ್ಮಿಷನ್ ಕಮ್ಮಿಯಾಗುತ್ತದೆ, ಉಳಿದವರು ಹೆಚ್ಚು ಕಾಯಿಲೆಯವರಾದ್ದರಿಂದ ಸರಾಸರಿ ದಿನ ಏರುತ್ತದೆ. ಹೊರಗಿನವರು ನೋಡಿ 'ಇಲ್ಲಿ ಕೆಲಸ ನಿಧಾನ' ಅಂತಾರೆ.

ದೇಶ ದೇಶಗಳನ್ನು ಹೋಲಿಸುವ ಒಇಸಿಡಿ ಸಂಸ್ಥೆ ಅಡ್ಮಿಷನ್ ಬದಲು ಡಿಸ್ಚಾರ್ಜ್ ಎಣಿಸುತ್ತದೆ. ಕಡೇಪಕ್ಷ ಒಂದು ರಾತ್ರಿ ಇದ್ದು ಹೋದವರು ಮಾತ್ರ ಆ ಲೆಕ್ಕಕ್ಕೆ. ಡಿಸ್ಚಾರ್ಜ್ ಎಣಿಸೋದಕ್ಕೆ ಕಾರಣವೂ ಇದೆ. ಬಂದ ಹೊತ್ತಿನಲ್ಲಿ ಕಾಯಿಲೆ ಏನು ಅಂತ ಗೊತ್ತಿರಲ್ಲ, ಹೋಗುವಾಗ ಗೊತ್ತಾಗಿರುತ್ತದೆ. ಆದರೆ ಆ ಡಿಸ್ಚಾರ್ಜ್ ಅನ್ನೋದರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರೂ ಸೇರಿರುತ್ತಾರೆ. ಡಾಕ್ಟರ್ ಮಾತು ಕೇಳದೆ ಸಹಿ ಹಾಕಿ ಹೋದವರು ಇರುತ್ತಾರೆ, ಬೇರೆ ಕಡೆಗೆ ಕಳಿಸಿದವರು ಇರುತ್ತಾರೆ. 'ಇಷ್ಟು ಜನ ಗುಣವಾಗಿ ಡಿಸ್ಚಾರ್ಜ್ ಆದರು' ಅಂತ ಒಮ್ಮೆ ಒಂದು ಪತ್ರಿಕೆಯಲ್ಲಿ, ನಿಮ್ಮದಲ್ಲ ಬಿಡಿ, ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈ ತಕರಾರು ಹೊಸದೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ಕೈಯಲ್ಲಿ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ನಮ್ಮಂಥ ರೆಕಾರ್ಡ್ ರೂಮಿನವರಿಗೆ ಆಕೆ ಫಾರಂ ಮಾಡಿಕೊಟ್ಟ ಅಮ್ಮ. ಒಂದೊಂದು ಆಸ್ಪತ್ರೆ ಒಂದೊಂದು ಥರ ಲೆಕ್ಕ ಇಡುತ್ತಿದೆ, ಹೀಗಾದರೆ ಹೋಲಿಸೋದು ಹೇಗೆ ಅಂತ, 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಆಕೆ ಒಂದೇ ಥರದ ಫಾರಂಗಳನ್ನು ಮುಂದಿಟ್ಟರು. ವರ್ಷದ ಮೊದಲ ದಿನ ಎಷ್ಟು ಜನ ಇದ್ದರು, ವರ್ಷದಲ್ಲಿ ಎಷ್ಟು ಬಂದರು, ಎಷ್ಟು ಗುಣವಾದರು, ಎಷ್ಟು ಗುಣವಾಗದೆ ಅಥವಾ ತಾವಾಗಿಯೇ ಹೋದರು, ಎಷ್ಟು ತೀರಿಕೊಂಡರು, ವರ್ಷದ ಕೊನೆಯ ದಿನ ಎಷ್ಟು ಉಳಿದರು, ಸರಾಸರಿ ಎಷ್ಟು ದಿನ ಇದ್ದರು. ನಾನು ಮೇಲೆ ಬರೆದ ಸಿಸ್ಟರ್ ಹಾಳೆಯ ಸಾಲುಗಳಿಗೆ ಹೋಲಿಸಿ ನೋಡಿ. ನೂರೈವತ್ತಕ್ಕೂ ಹೆಚ್ಚು ವರ್ಷ ಆದರೂ ಹೆಚ್ಚೇನೂ ಬದಲಾಗಿಲ್ಲ.

ತಮಾಷೆ ಏನಂದರೆ ಅಂಥ ನೈಟಿಂಗೇಲ್ ಕೂಡ ಜಾರಿ ಬಿದ್ದರು. 1863ರಲ್ಲಿ ಆಕೆ ಪ್ರಕಟಿಸಿದ ಒಂದು ಪಟ್ಟಿಯಲ್ಲಿ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 90ಕ್ಕೂ ಜಾಸ್ತಿ ಅಂತ ಇತ್ತು. ಅಂಕಿಗಳು ಆಗಿನ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಕಡೆಯಿಂದ ಬಂದದ್ದು. ಡಾಕ್ಟರುಗಳು ಕೆಂಡವಾದರು. ಆಗಿದ್ದು ಇಷ್ಟೇ: ಭಾಗಾಕಾರದಲ್ಲಿ ಮೇಲೆ ಇಟ್ಟದ್ದು ಇಡೀ 1861ನೇ ವರ್ಷದ ಸಾವುಗಳು, ಕೆಳಗೆ ಇಟ್ಟದ್ದು ಆ ವರ್ಷದ ಏಪ್ರಿಲ್ 8ರಂದು, ಜನಗಣತಿಯ ಒಂದು ದಿನ, ಬೆಡ್ಡಿನಲ್ಲಿ ಇದ್ದವರ ಸಂಖ್ಯೆ. ವರ್ಷದಲ್ಲಿ ಬಂದು ಹೋದ ಅಷ್ಟೂ ಜನ ಲೆಕ್ಕಕ್ಕೇ ಇಲ್ಲ.

ಇದು ಎಷ್ಟು ಎಡವಟ್ಟು ಅಂತ ಗೊತ್ತಾಗಬೇಕಾದರೆ ಹತ್ತು ಬೆಡ್ಡಿನ ಒಂದು ವಾರ್ಡ್ ತೆಗೆದುಕೊಳ್ಳಿ. ಯಾವಾಗಲೂ ಭರ್ತಿ, ಒಬ್ಬೊಬ್ಬರು ಹತ್ತು ದಿನ ಇರುತ್ತಾರೆ. ವರ್ಷಕ್ಕೆ 365 ಅಡ್ಮಿಷನ್. ಅದರಲ್ಲಿ 36 ಜನ ತೀರಿಕೊಂಡರು ಅನ್ನಿ. ಬಂದವರಿಗೆ ಹೋಲಿಸಿದರೆ ನೂರಕ್ಕೆ ಹತ್ತು. ಯಾವುದೋ ಒಂದು ದಿನ ಬೆಡ್ಡಿನಲ್ಲಿದ್ದ ಹತ್ತು ಜನಕ್ಕೆ ಹೋಲಿಸಿದರೆ ನೂರಕ್ಕೆ 360! ನೂರು ಜನ ಬಂದು ಮುನ್ನೂರರವತ್ತು ಜನ ಸಾಯೋದು ಎಲ್ಲಿಯಾದರೂ ಉಂಟಾ? ಕಾಗದದ ಮೇಲೆ ಮಾತ್ರ ಉಂಟು.

ಇನ್ನು ಅಬ್ಸರ್ವೇಷನ್ ಅನ್ನೋ ಒಂದು ಮಾಯೆ. ನಮ್ಮ ಯಜಮಾನರಿಗೆ ಒಂದು ಸಂಜೆ ಎದೆನೋವು ಬಂತು. ಯಾವ ಆಸ್ಪತ್ರೆ ಅಂತ ಇಲ್ಲಿ ಬೇಡ, ಚಿಕಿತ್ಸೆ ಚೆನ್ನಾಗಿಯೇ ಕೊಟ್ಟರು. ಕೈಗೆ ಡ್ರಿಪ್, ಎದೆಗೆ ವೈರು, ಮೂರು ಸಲ ರಕ್ತ ಪರೀಕ್ಷೆ, ರಾತ್ರಿಯಿಡೀ ಮಾನಿಟರ್ ಟಿಕ್ ಟಿಕ್. ಇಪ್ಪತ್ತೆರಡು ಗಂಟೆ ಆದ ಮೇಲೆ ಏನೂ ಇಲ್ಲ, ಮನೆಗೆ ಹೋಗಿ ಅಂದರು. ಕಾಗದ ಕೈಗೆ ಬಂದಾಗ ನೋಡಿದೆ, ಐಪಿ ನಂಬರ್, ಅಂದರೆ ಒಳರೋಗಿಗೆ ಕೊಡುವ ನಂಬರ್, ಇಲ್ಲ. ಮೇಲೆ 'ಅಬ್ಸರ್ವೇಷನ್' ಅಂತ ಮೊಹರು. ವಿಮೆಯವರು 24 ಗಂಟೆ ಆಗಿಲ್ಲ, ಅಡ್ಮಿಷನ್ನೇ ಆಗಿಲ್ಲ ಅಂದುಬಿಟ್ಟರು. ದುಡ್ಡಿನ ವಿಷಯ ಬಿಡಿ, ನನಗೆ ಕಾಡಿದ್ದು ಬೇರೆ. ನಮ್ಮ ಯಜಮಾನರು ಬೆಡ್ ಮೇಲೆ ಮಲಗಿದ್ದ ಆ ರಾತ್ರಿ, ಆ ಊರಿನ ಆಸ್ಪತ್ರೆ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ಎಷ್ಟು ಲೆಕ್ಕಕ್ಕೆ ಸೇರಿದ್ದೆನೋ ಅವರೂ ಅಷ್ಟೇ.

ಇದು ಒಂದು ಕಡೆಯ ಕಥೆ ಅಲ್ಲ. ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್ 2013ರಲ್ಲಿ 'ಎರಡು ನಡುರಾತ್ರಿ' ಅನ್ನೋ ನಿಯಮವನ್ನೇ ತಂದಿತು. ರೋಗಿ ಎರಡು ನಡುರಾತ್ರಿ ದಾಟಬೇಕಾಗುತ್ತದೆ ಅಂತ ಡಾಕ್ಟರಿಗೆ ಅನ್ನಿಸಿದರೆ ಒಳರೋಗಿ, ಇಲ್ಲದಿದ್ದರೆ ಸಾಮಾನ್ಯವಾಗಿ ಹೊರರೋಗಿ. ಅದೇ ಬೆಡ್, ಅದೇ ನರ್ಸ್. ಮೇಲಾಗಿ ಅಲ್ಲಿ ಆಸ್ಪತ್ರೆಯಿಂದ ಬಿಟ್ಟ ಮೇಲೆ ಆರೈಕೆ ಕೇಂದ್ರದ ಖರ್ಚನ್ನು ಮೆಡಿಕೇರ್ ಕೊಡಬೇಕಾದರೆ ಮೂರು ದಿನ ಒಳರೋಗಿ ಆಗಿರಬೇಕು ಅನ್ನೋ ಹಳೆಯ ರೂಲಿದೆ, ಅಬ್ಸರ್ವೇಷನ್ನಿನಲ್ಲಿ ಕಳೆದ ದಿನ ಅದಕ್ಕೆ ಸೇರಲ್ಲ. ಜನ ಬೇಸ್ತು ಬಿದ್ದು ಬಿದ್ದು ಕೊನೆಗೆ, ನೀವು ಅಡ್ಮಿಟ್ ಆಗಿಲ್ಲ, ಅಬ್ಸರ್ವೇಷನ್ನಿನಲ್ಲಿ ಇದ್ದೀರಿ ಅಂತ ರೋಗಿಗೆ ಬರೆದು ತಿಳಿಸಬೇಕು ಅನ್ನೋ ಕಾನೂನೇ 2015ರಲ್ಲಿ ಬಂತು. ಬೆಡ್ ಮೇಲೆ ಮಲಗಿದವರಿಗೆ ಚೀಟಿ ಕೊಟ್ಟು 'ನೀವಿಲ್ಲಿ ಇಲ್ಲ' ಅಂತ ಹೇಳಬೇಕಾದ ಪರಿಸ್ಥಿತಿ!

ಎಣಿಕೆಗೆ ಗುರಿ ಕಟ್ಟಿದಾಗ, ದುಡ್ಡು ಕಟ್ಟಿದಾಗ ಎಣಿಕೆಯೇ ವಾಲುತ್ತದೆ. ಇಂಗ್ಲೆಂಡಿನ ಎಮರ್ಜೆನ್ಸಿ ವಿಭಾಗಗಳಲ್ಲಿ ಬಂದವರನ್ನು ನಾಲ್ಕು ಗಂಟೆಯೊಳಗೆ ಇತ್ಯರ್ಥ ಮಾಡಬೇಕು ಅಂತ ಗುರಿ ಇಟ್ಟರು, 2004ರಲ್ಲಿ ನೂರಕ್ಕೆ 98, ಆಮೇಲೆ 2010ರಲ್ಲಿ 95ಕ್ಕೆ ಇಳಿಸಿದರು. ರೋಗಿಗಳು ಯಾವ ಹೊತ್ತಿಗೆ ವಿಭಾಗ ಬಿಟ್ಟರು ಅಂತ ಗೆರೆ ಎಳೆದು ನೋಡಿದರೆ ನಾಲ್ಕು ಗಂಟೆ ತುಂಬುವುದಕ್ಕೆ ಸ್ವಲ್ಪ ಮುಂಚೆ ಒಂದು ದೊಡ್ಡ ಗೋಪುರ. ಆ ಹೊತ್ತಿನಲ್ಲಿ ಅಡ್ಮಿಟ್ ಆಗುವವರೂ ಜಾಸ್ತಿ. ಕಾಯಿಲೆಗೆ ಗಡಿಯಾರ ಗೊತ್ತಿಲ್ಲ, ಗಡಿಯಾರ ಗೊತ್ತಿರೋದು ಬರೆಯುವವರಿಗೆ. ಅಮೆರಿಕದಲ್ಲಿ 1983ರಿಂದ ಮೆಡಿಕೇರ್ ಕಾಯಿಲೆಯ ಗುಂಪು ನೋಡಿ ಒಂದೊಂದು ಅಡ್ಮಿಷನ್ನಿಗೆ ಇಷ್ಟು ಅಂತ ಗಂಟು ಕೊಡೋದು ಶುರುಮಾಡಿತು. ಆಗಿನಿಂದ ಕೇಸ್ ಶೀಟಿನಲ್ಲಿ ಯಾವ ಕೋಡ್ ಬರೆಯುತ್ತೀವಿ ಅನ್ನೋದು ಕ್ಯಾಷ್ ಕೌಂಟರಿನ ವಿಷಯವೂ ಆಯಿತು. ಎಲ್ಲರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಎರಡರಲ್ಲಿ ಯಾವುದು ಬರೆದರೂ ತಪ್ಪಲ್ಲ ಅನ್ನೋ ಜಾಗದಲ್ಲಿ ಪೆನ್ನು ಯಾವ ಕಡೆ ಓಡುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಕೋಡ್ ಅಂದೆ, ಅದು ನನ್ನ ಅನ್ನದ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಬರೆದರೆ ಬೇಜಾರಾಗಬೇಡಿ. ಪ್ರಪಂಚದಲ್ಲೆಲ್ಲ ಕಾಯಿಲೆಗಳಿಗೆ ಐಸಿಡಿ ಅನ್ನೋ ಕೋಡ್ ಪುಸ್ತಕ ಇದೆ. 1893ರಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಲಾನ್ ಸಾವಿನ ಕಾರಣಗಳಿಗೆ ಅಂತ ಮಾಡಿದ ಪಟ್ಟಿಯಿಂದ ಬೆಳೆದದ್ದು. 1948ರಲ್ಲಿ ಆರನೇ ಆವೃತ್ತಿ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದಾಗ ಸಾವಿನ ಜೊತೆ ಬದುಕಿರುವವರ ಕಾಯಿಲೆಗಳೂ ಸೇರಿದವು. ನಾನು ಕೆಲಸ ಮಾಡಿದ್ದು ಹತ್ತನೆಯದರಲ್ಲಿ, ಹನ್ನೊಂದನೆಯದು 2022ರ ಜನವರಿಯಿಂದ ಜಾರಿ.

ಒಬ್ಬ ಹೆಂಗಸು ಮನೆಯಲ್ಲಿ ಕಾಲು ಜಾರಿ ಬಿದ್ದರು, ತೊಡೆ ಮೂಳೆ ಮುರಿಯಿತು. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇದೆ. ಆಪರೇಷನ್ ಆದ ಐದನೇ ದಿನ ನ್ಯುಮೋನಿಯಾ ಹಿಡಿಯಿತು. ಈಗ ನನ್ನ ಮೇಜಿನ ಮೇಲೆ ದಪ್ಪ ಕೇಸ್ ಶೀಟ್. ತೊಡೆ ಮೂಳೆಗೆ ಎಸ್ 72, ಬಿದ್ದದ್ದಕ್ಕೆ ಡಬ್ಲ್ಯೂ ಸಾಲಿನಲ್ಲಿ ಒಂದು, ಸಕ್ಕರೆ ಕಾಯಿಲೆಗೆ ಇ 11, ನ್ಯುಮೋನಿಯಾಗೆ ಜೆ 18. ನಾಲ್ಕೂ ಬರೆಯಬೇಕು, ಆದರೆ 'ಮುಖ್ಯ ಕಾಯಿಲೆ' ಅನ್ನೋ ಮನೆಯಲ್ಲಿ ಒಂದೇ ಹಿಡಿಸೋದು. ಯಾವುದರಿಂದಾಗಿ ಚಿಕಿತ್ಸೆ ಬೇಕಾಯಿತೋ ಅದು. ಇಲ್ಲಿ ಮೂಳೆ. ಸರಿ, ವರ್ಷದ ಕೊನೆಗೆ ಯಾರೋ 'ಸಕ್ಕರೆ ಕಾಯಿಲೆಯಿಂದ ಎಷ್ಟು ಅಡ್ಮಿಷನ್' ಅಂತ ಕೇಳುತ್ತಾರೆ. ಮುಖ್ಯ ಕಾಯಿಲೆ ಮಾತ್ರ ನೋಡಿದರೆ ಈ ಹೆಂಗಸು ಇಲ್ಲ. ಎಲ್ಲಾ ಕೋಡ್ ನೋಡಿದರೆ ಇದ್ದಾರೆ. ಎರಡು ಸಂಖ್ಯೆಗಳ ನಡುವೆ ಅಜಗಜಾಂತರ. ಮೊದಲನೆಯದು ಹಾಕಿದರೆ ಸಕ್ಕರೆ ಕಾಯಿಲೆ ಸಣ್ಣದಾಗಿ ಕಾಣುತ್ತದೆ, ಎರಡನೆಯದು ಹಾಕಿದರೆ ಅರ್ಧ ಆಸ್ಪತ್ರೆ ಅದರದ್ದೇ ಅನ್ನಿಸುತ್ತದೆ. ಇನ್ನು ಡಾಕ್ಟರು ಡಿಸ್ಚಾರ್ಜ್ ಹಾಳೆಯಲ್ಲಿ ಬರೀ 'ಎದೆನೋವು' ಅಂತ ಗೀಚಿ ಹೋಗಿದ್ದರೆ ನಾನು ಹಾಕಬೇಕಾದದ್ದು ಆರ್ 07, ಎದೆನೋವು. ಹೃದಯದ ಲೆಕ್ಕಕ್ಕೆ ಅದು ಬರಲ್ಲ. ಅಂಥ ಎಷ್ಟು ಕೇಸ್ ಶೀಟ್ ಹಿಡಿದು ಡಾಕ್ಟರುಗಳ ಹಿಂದೆ ಕಾರಿಡಾರಿನಲ್ಲಿ ಓಡಿದ್ದೀನಿ ಅಂತ ನನಗೇ ಲೆಕ್ಕ ಇಲ್ಲ.

ಕೋವಿಡ್ ಕಾಲದಲ್ಲಿ ಇದು ಎಲ್ಲರ ಬಾಯಿಗೂ ಬಂತು. ಕಾಲು ಮುರಿದು ಬಂದವರಿಗೆ ಬಾಗಿಲಲ್ಲೇ ಟೆಸ್ಟ್, ಪಾಸಿಟಿವ್ ಬಂದರೆ ಕೋವಿಡ್ ಅಡ್ಮಿಷನ್. ಕೋವಿಡ್‌ನಿಂದ ಬಂದವರು ಬೇರೆ, ಕೋವಿಡ್ ಇಟ್ಟುಕೊಂಡು ಬಂದವರು ಬೇರೆ. ಒಮಿಕ್ರಾನ್ ಅಲೆಯ ಹೊತ್ತಿಗೆ, 2022ರ ಜನವರಿಯಲ್ಲಿ, ನ್ಯೂಯಾರ್ಕ್ ರಾಜ್ಯ ಎರಡನ್ನೂ ಬೇರೆ ಬೇರೆ ವರದಿ ಮಾಡಿ ಅಂತ ಆಸ್ಪತ್ರೆಗಳಿಗೆ ಹೇಳಿತು. ಹಾಗಂತ 'ಇಟ್ಟುಕೊಂಡು ಬಂದವರು' ಸುಮ್ನೆ ಅಂತ ತಳ್ಳಿಹಾಕೋಕೂ ಆಗಲ್ಲ, ಅವರಿಗೂ ಬೇರೆ ಕೋಣೆ ಬೇಕು, ಸಿಬ್ಬಂದಿಗೂ ಸೋಂಕು ತಗಲುತ್ತದೆ. ಬೆಡ್ ಎಷ್ಟು ಬೇಕು ಅನ್ನೋ ಪ್ರಶ್ನೆಗೆ ಒಟ್ಟು ಸಂಖ್ಯೆ ಸರಿ, ಕಾಯಿಲೆ ಎಷ್ಟು ಜೋರು ಅನ್ನೋ ಪ್ರಶ್ನೆಗೆ ಬಿಡಿಸಿದ ಸಂಖ್ಯೆ ಸರಿ.

ಕೂಸುಗಳ ಲೆಕ್ಕ ಒಂದು ಬಾಕಿ ಇದೆ. ಹೆರಿಗೆ ವಾರ್ಡಿನಲ್ಲಿ ತಾಯಿ ಒಂದು ಅಡ್ಮಿಷನ್. ಪಕ್ಕದಲ್ಲಿ ಮಲಗಿದ ಮಗು? ಆರೋಗ್ಯವಾಗಿ ಹುಟ್ಟಿದ ಮಗುವನ್ನ ಕೆಲವು ಕಡೆ ಎಣಿಸುತ್ತಾರೆ, ಕೆಲವು ಕಡೆ ಮಗುವಿಗೆ ಏನಾದರೂ ತೊಂದರೆಯಾಗಿ ಬೇರೆ ಆರೈಕೆ ಬೇಕಾದರೆ ಮಾತ್ರ. ಐಸಿಡಿಯಲ್ಲಿ ಬದುಕಿ ಹುಟ್ಟಿದ ಮಗುವಿಗೂ ಕೋಡ್ ಉಂಟು, ಜಡ್ 38. ಹುಟ್ಟಿದ್ದಕ್ಕೂ ಕೋಡ್! ಆ ಕೋಡನ್ನು ಲೆಕ್ಕಕ್ಕೆ ಹಿಡಿಯುವ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಅಡ್ಮಿಷನ್ ಎರಡು ಪಟ್ಟು.

ಹಾಗಾದರೆ ಏನೂ ಎಣಿಸಬೇಡಿ ಅಂತೀರಾ ಅಂತ ಕೇಳಬಹುದು. ಇಲ್ಲಪ್ಪ. ಜೀವನವಿಡೀ ಎಣಿಸಿದವಳು ನಾನು. ಎಷ್ಟು ಬೆಡ್ ಬೇಕು, ಎಷ್ಟು ಸಿಸ್ಟರ್ ಬೇಕು, ಆಕ್ಸಿಜನ್ ಎಷ್ಟು ತರಿಸಬೇಕು, ಇದೆಲ್ಲ ಅಡ್ಮಿಷನ್ ಲೆಕ್ಕದಿಂದಲೇ ಗೊತ್ತಾಗೋದು. ನಮ್ಮಣ್ಣನ 156 ಕೂಡ ಡಯಾಲಿಸಿಸ್ ಮೆಷಿನ್ ಕೊಳ್ಳುವವರಿಗೆ ಬಹಳ ಬೇಕಾದ ಸಂಖ್ಯೆ. ಒಬ್ಬನೇ ರೋಗಿ ಅಂತ ಬರೆದುಕೊಂಡು ಒಂದೇ ಸಲಕ್ಕಾಗುವಷ್ಟು ಟ್ಯೂಬು ತರಿಸಿದರೆ ಅವನ ಗತಿ ಏನು? ಆದರೆ ಕಾಯಿಲೆ ಎಷ್ಟು ಜನಕ್ಕಿದೆ ಅಂತ ಕೇಳಿದಾಗ ಅದೇ 156 ಹೇಳಬಾರದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1995ರಿಂದ ಒಬ್ಬ ಮನುಷ್ಯನ ಬೇರೆ ಬೇರೆ ದಾಖಲೆಗಳನ್ನು, ಹೆಸರು ಗೊತ್ತಾಗದ ಹಾಗೆ, ಒಂದಕ್ಕೊಂದು ಕೊಂಡಿ ಹಾಕುವ ವ್ಯವಸ್ಥೆ ಇದೆ. ಅಂಥದ್ದು ಇದ್ದ ಕಡೆ 'ಇಷ್ಟು ಜನ, ಇಷ್ಟು ಸಲ' ಅಂತ ಹೇಳೋಕಾಗುತ್ತದೆ. ಇಲ್ಲದ ಕಡೆ 'ಇಷ್ಟು ಸಲ' ಅಂತ ಮಾತ್ರ ಹೇಳಬೇಕು, ಅಷ್ಟೇ.

ನಿಮ್ಮ ವರದಿಗಾರರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಇಂಥ ಅಂಕಿ ಕೈಗೆ ಬಂದಾಗ ಕೊಟ್ಟವರನ್ನ ಒಂದು ಫೋನ್ ಮಾಡಿ ಕೇಳಿ: ಇದು ಜನವೋ ಅಡ್ಮಿಷನ್ನೋ, ಅದೇ ದಿನ ಬಂದು ಹೋದವರು ಸೇರಿದ್ದಾರಾ, ಮುಖ್ಯ ಕಾಯಿಲೆ ಮಾತ್ರವೋ ಎಲ್ಲವೋ. ಮತ್ತೆ ಮುಖ್ಯವಾಗಿ, ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ನಡುವೆ ಎಣಿಸುವ ರೀತಿ ಏನಾದರೂ ಬದಲಾಯಿತಾ. ನಿಮ್ಮ ಕೆಂಪು ಗೆರೆ ಒಂದು ಕಡೆ ಮೆಟ್ಟಿಲಿನ ಹಾಗೆ ತಟ್ಟನೆ ಏರಿದೆ, ಗಮನಿಸಿ. ಕಾಯಿಲೆ ಸಾಮಾನ್ಯವಾಗಿ ಹಾಗೆ ಮೆಟ್ಟಿಲು ಹತ್ತಲ್ಲ, ಹೊಸ ಫಾರಂ ಬಂದಾಗ ಹತ್ತುತ್ತದೆ. ನನಗಂತೂ ಅಲ್ಲಿ ಯಾವುದೋ ರೆಕಾರ್ಡ್ ರೂಮಿನಲ್ಲಿ ಕಾಲಂ ಬದಲಾಗಿದೆ ಅಂತ ಗುಮಾನಿ. ವರದಿಯ ಮೂಲ ಪ್ರತಿ ನಿಮ್ಮ ಹತ್ತಿರ ಇದ್ದರೆ ಆ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಏನಾದರೂ ಇದೆಯಾ ನೋಡಿ, ಇದ್ದರೆ ಅದನ್ನೂ ಅಚ್ಚು ಹಾಕಿ. ನಾವು ಕಷ್ಟಪಟ್ಟು ಬರೆಯುತ್ತಿದ್ದದ್ದು ಅದನ್ನೇ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಇಲ್ಲದಿದ್ದರೆ ನೈಟಿಂಗೇಲ್ ಭಾಗ ತೆಗೆದರೂ ಪರವಾಗಿಲ್ಲ, ಅಣ್ಣನ ಲೆಕ್ಕ ಮಾತ್ರ ಬಿಡಬೇಡಿ. ಪತ್ರಿಕೆಯಲ್ಲಿ ಬರುತ್ತೆ ಅಂತ ಅವನಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಇಂತಿ,
ನಿವೃತ್ತ ರೆಕಾರ್ಡ್ ರೂಮ್ ಗುಮಾಸ್ತೆ, ನಿಮ್ಮ ಹಳೆಯ ಓದುಗಾರ್ತಿ